ಜ್ವರ ಬಿಟ್ಟ ಮೇಲಿನ ಆರು ವಾರ: ಮಕ್ಕಳಲ್ಲಿ ಏನು ನೋಡಬೇಕು, ಯಾವಾಗ ಹೊರಡಬೇಕು

ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ತೋಟಕ್ಕೆ ಗೊಬ್ಬರ ಹಾಕಿದ ದಿನ ಎಲ್ಲ ಇರುತ್ತದೆ. ಮೂರು ವರ್ಷದಿಂದ ಇನ್ನೊಂದು ಗುರುತು ಸೇರಿದೆ. ಮಗನಿಗೆ ಜ್ವರ ಶುರುವಾದ ದಿನ ಒಂದು ‘ಜ್ವ’. ಬಿಟ್ಟ ದಿನ ಅದರ ಸುತ್ತ ಒಂದು ಸೊನ್ನೆ.

ಇದು ಶುರುವಾದದ್ದು ನನ್ನದೇ ಪೆದ್ದುತನದಿಂದ. ಕೊಡಗಿನ ಜುಲೈ ತಿಂಗಳು, ಹಿಡಿದ ಮಳೆ ಬಿಟ್ಟಿರಲಿಲ್ಲ. ಆರು ವರ್ಷದ ಮಗನಿಗೆ ಮೂರು ದಿನ ಜ್ವರ, ನೆಗಡಿ. ನಾಲ್ಕನೇ ದಿನ ಜ್ವರವಿಲ್ಲ, ತಟ್ಟೆ ತುಂಬ ಅಕ್ಕಿ ರೊಟ್ಟಿ ತಿಂದ. ಮರುದಿನ ಬೆಳಿಗ್ಗೆ ಮಂಚದಿಂದ ಇಳಿದವನು ಚೀರಿದ. ಹಿಮ್ಮಡಿ ನೆಲಕ್ಕೆ ಊರಲು ಆಗುತ್ತಿಲ್ಲ, ತುದಿಗಾಲಿನಲ್ಲಿ ನಡೆಯುತ್ತಿದ್ದಾನೆ. ಎಲ್ಲೋ ಜಾರಿ ಬಿದ್ದಿದ್ದಾನೆ ಅಂದುಕೊಂಡು ಎಣ್ಣೆ ಬಿಸಿ ಮಾಡಿ ಮೀನಖಂಡ ತಿಕ್ಕಿದೆವು. ಅವನು ಇನ್ನೂ ಜೋರಾಗಿ ಅತ್ತ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, “ಕಳೆದ ವಾರ ಜ್ವರ ಬಂದಿತ್ತಾ?” ನಾನು “ಇಲ್ಲ, ಸುಮ್ನೆ ಶೀತ” ಅಂದೆ. ಜ್ವರ ಎಂದು ಬಂತು, ಎಂದು ಬಿಟ್ಟಿತು ಅಂತ ನಿಖರವಾಗಿ ಹೇಳಲು ಅರ್ಧ ಗಂಟೆ ಬೇಕಾಯಿತು.

ಅದು ಫ್ಲೂ ನಂತರ ಬರುವ ಮೀನಖಂಡದ ಉರಿಯೂತ. ಶಾಲೆಗೆ ಹೋಗುವ ವಯಸ್ಸಿನ ಗಂಡುಮಕ್ಕಳಲ್ಲಿ ಜಾಸ್ತಿ. ಕೆಲವೇ ದಿನದಲ್ಲಿ ತಾನಾಗೇ ಹೋಗುತ್ತದೆ, ಹೋಯಿತು ಕೂಡ. ಆದರೆ ಜ್ವರ ಬಿಟ್ಟ ಮೇಲೂ ಕತೆ ಮುಗಿದಿರುವುದಿಲ್ಲ ಅನ್ನುವುದು ನನಗೆ ಆಗ ಗೊತ್ತಾಯಿತು.

ಯಾಕೆ ಹೀಗಾಗುತ್ತದೆ? ಆನೆ ತೋಟ ಬಿಟ್ಟು ಹೋದ ಮೇಲೂ ನಾಯಿಗಳು ಬೆಳಗಿನವರೆಗೆ ಬೊಗಳುತ್ತವೆ, ಅಲ್ವಾ? ಒಮ್ಮೊಮ್ಮೆ ಆ ಗಾಬರಿಯಲ್ಲಿ ಮನೆಯವರ ಮೇಲೇ ಎರಗುತ್ತವೆ. ಮೈಯ ರಕ್ಷಣಾ ವ್ಯವಸ್ಥೆಯೂ ಹಾಗೆ. ವೈರಸ್ ಹೋಗಿರುತ್ತದೆ, ಅದನ್ನು ಓಡಿಸಲು ಎದ್ದ ಉರಿಯೂತ ಮಾತ್ರ ಅಡಗದೆ ಸ್ನಾಯು, ಕೀಲು, ರಕ್ತನಾಳ, ಹೃದಯದ ಕಡೆ ತಿರುಗುತ್ತದೆ. ನೂರಾರು ಮಕ್ಕಳಿಗೆ ಶೀತ ಬಂದು ಹೋಗುತ್ತದೆ, ಬಹುಪಾಲು ಮಕ್ಕಳಿಗೆ ಏನೂ ಆಗುವುದಿಲ್ಲ. ಆಗುವ ಕೆಲವರಿಗೆ ಬೇಗ ಗುರುತಿಸುವುದೇ ದೊಡ್ಡ ಸಹಾಯ. ಆಂಟಿಬಯಾಟಿಕ್ ಇದನ್ನು ತಡೆಯುವುದಿಲ್ಲ, ಮನೆಯಲ್ಲಿ ಉಳಿದ ಬಾಟಲಿ ಮುಟ್ಟಬೇಡಿ.

ಮೊದಲು ತಾರೀಕು, ಆಮೇಲೆ ಔಷಧಿ

ಜ್ವರ ಶುರುವಾದ ದಿನ ಬರೆಯಿರಿ. ಥರ್ಮಾಮೀಟರ್ ಇಟ್ಟು ನೋಡಿದ ಅಂಕಿ ಬರೆಯಿರಿ. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಮೇಲಿದ್ದರೆ ಜ್ವರ. ನಮ್ಮ ಕಡೆ ಮಳೆಗಾಲದಲ್ಲಿ ಒಲೆಯ ಮುಂದೆ ಕೂತ ಮಗುವಿನ ಹಣೆ ಬಿಸಿಯಾಗಿಯೇ ಇರುತ್ತದೆ, ಹೊರಗೆ ಆಡಿ ಬಂದ ಮಗುವಿನದು ತಣ್ಣಗೆ. ಕೈ ಇಟ್ಟು ನೋಡಿದ್ದನ್ನು ನಂಬಬೇಡಿ.

ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಲೆಕ್ಕ ತೂಕದ ಮೇಲೆ: ಒಂದು ಸಲಕ್ಕೆ ಕೆಜಿಗೆ 15 ಮಿಲಿಗ್ರಾಂ. 12 ಕೆಜಿ ಮಗುವಿಗೆ 180 ಮಿಲಿಗ್ರಾಂ. ಎಡವಟ್ಟಾಗುವುದು ಸಿರಪ್ಪಿನಲ್ಲಿ. 5 ಎಂಎಲ್‌ಗೆ 120 ಮಿಲಿಗ್ರಾಂ ಇರುವ ಬಾಟಲಿಯೂ ಇದೆ, 250 ಇರುವುದೂ ಇದೆ. ಮೊದಲನೆಯದರಲ್ಲಿ 7.5 ಎಂಎಲ್ ಬೇಕು, ಎರಡನೆಯದರಲ್ಲಿ ಸುಮಾರು 3.6 ಎಂಎಲ್. ಪುಟ್ಟ ಮಕ್ಕಳ ಡ್ರಾಪ್ಸ್ ಇನ್ನೂ ಗಟ್ಟಿ. ಬಾಟಲಿಯ ಮೇಲೆ ಬರೆದದ್ದನ್ನು ಪ್ರತಿ ಸಲ ಓದಿ. ನಾಲ್ಕರಿಂದ ಆರು ಗಂಟೆ ಅಂತರ ಇರಲಿ, ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ತೂಕ ಗೊತ್ತಿಲ್ಲದಿದ್ದರೆ ಅಂಗನವಾಡಿಯಲ್ಲಿ ತಕ್ಕಡಿ ಇದೆ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಈ ಲೆಕ್ಕವೆಲ್ಲ ಬೇಡ, ಸೀದಾ ಡಾಕ್ಟರ ಹತ್ತಿರ.

ಆಸ್ಪಿರಿನ್ ನಿಮ್ಮಷ್ಟಕ್ಕೆ ಕೊಡಲೇಬೇಡಿ. ಫ್ಲೂ ಅಥವಾ ಸೀತಾಳೆ ಸಿಡುಬು ಇರುವಾಗ ಆಸ್ಪಿರಿನ್ ಕೊಟ್ಟರೆ ಮಿದುಳು, ಲಿವರ್ ಎರಡಕ್ಕೂ ಪೆಟ್ಟು ಬೀಳುವ ರೇ ಸಿಂಡ್ರೋಮ್ ಬರಬಹುದು. ಡೆಂಗಿ ಇರಬಹುದೆನ್ನುವ ಕಾಲದಲ್ಲಿ ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಕೂಡ ಬೇಡ, ರಕ್ತಸ್ರಾವ ಜಾಸ್ತಿಯಾಗುತ್ತದೆ.

ಇನ್ನೊಂದು ಮಾತು. ನಮ್ಮ ಕಡೆ ಶೀತಕ್ಕೆ ಒಂದು ಚಮಚ ಬ್ರಾಂಡಿ ಕುಡಿಸುವವರು ಈಗಲೂ ಇದ್ದಾರೆ. ಬೇಡ. ಊಟ ಮಾಡದೆ ಮಲಗಿದ ಮಗುವಿನ ರಕ್ತದ ಸಕ್ಕರೆ ಅದರಿಂದ ಇಳಿದುಹೋಗುತ್ತದೆ. ಒಳ್ಳೆಮೆಣಸಿನ ಕಷಾಯ ದೊಡ್ಡ ಮಕ್ಕಳಿಗೆ ಪರವಾಗಿಲ್ಲ. ಜೇನು ಒಂದು ವರ್ಷ ತುಂಬುವ ತನಕ ಬೇಡ, ಮನೆಯದೇ ಗೂಡಿನದಾದರೂ.

ಯಾವ ದಿನಕ್ಕೆ ಏನು

ಇಲ್ಲಿ ಕ್ಯಾಲೆಂಡರ್ ಉಪಯೋಗಕ್ಕೆ ಬರುತ್ತದೆ. ಒಂದೊಂದು ತೊಂದರೆಗೂ ತನ್ನದೇ ಸಮಯವಿದೆ.

ಜ್ವರ ಇಳಿಯುವ ಹೊತ್ತಿಗೇ, ಅಂದರೆ ಮೂರರಿಂದ ಏಳನೇ ದಿನದೊಳಗೆ, ಮಗು ಸುಸ್ತಾಗಿ ಹೊಟ್ಟೆನೋವು, ಬಿಡದ ವಾಂತಿ ಶುರುವಾದರೆ ಡೆಂಗಿ ನೆನಪಾಗಲಿ. ಇದು ಜ್ವರದ ನಂತರದ ಉರಿಯೂತವಲ್ಲ, ಕಾಯಿಲೆಯದೇ ಅಪಾಯದ ಹಂತ. ಜ್ವರ ಬಿಟ್ಟಿತು ಅಂತ ನೆಮ್ಮದಿಯಾಗುವ ದಿನವೇ ಇದು ಕೈಕೊಡುತ್ತದೆ.

ಅದೇ ದಿನಗಳಲ್ಲಿ ಮೀನಖಂಡ ನೋವು ಬರಬಹುದು, ನನ್ನ ಮಗನಿಗೆ ಬಂದ ಹಾಗೆ. ತಿಕ್ಕಬೇಡಿ. ನೀರು ಕುಡಿಸಿ, ಮಲಗಿಸಿ, ಮೂತ್ರದ ಬಣ್ಣ ನೋಡಿ. ಕಟ್ಟಂಚಹಾದ, ಅಂದರೆ ಹಾಲು ಹಾಕದ ಚಹಾದ ಬಣ್ಣ ಬಂದರೆ ಸ್ನಾಯು ಕರಗಿ ಕಿಡ್ನಿಗೆ ಹೊರೆ ಬೀಳುತ್ತಿದೆ, ಕಾಯಬಾರದು. ನೋವಿಲ್ಲದೆ ಕಾಲಿನ ಬಲವೇ ಹೋಗುತ್ತಿದ್ದರೆ, ಪಾದದಿಂದ ಮೇಲಕ್ಕೆ ಸೋಲು ಏರುತ್ತಿದ್ದರೆ ಅದು ನರಗಳದ್ದು, ಅದೂ ತುರ್ತು.

ಶೀತ ಬಂದು ಒಂದೆರಡು ವಾರಕ್ಕೆ ಮೂರರಿಂದ ಹತ್ತು ವರ್ಷದ ಮಗು ಕುಂಟತೊಡಗಿದರೆ, ತೊಡೆಸಂದು ಅಥವಾ ಮಂಡಿ ನೋವು ಅಂದರೆ, ಸಾಮಾನ್ಯವಾಗಿ ಅದು ತೊಡೆಸಂದಿನ ಕೀಲಿನ ತಾತ್ಕಾಲಿಕ ಉರಿಯೂತ. ಒಂದೆರಡು ವಾರದಲ್ಲಿ ಹೋಗುತ್ತದೆ. ಆದರೆ ಜೊತೆಗೆ ಜೋರು ಜ್ವರವಿದ್ದು ಕಾಲು ಊರಲೇ ಆಗದಿದ್ದರೆ ಕೀಲಿನಲ್ಲಿ ಕೀವು ಕಟ್ಟಿರಬಹುದು. ಅವತ್ತೇ ತೋರಿಸಬೇಕು.

ಒಂದರಿಂದ ನಾಲ್ಕು ವಾರದೊಳಗೆ ಕಾರಣವಿಲ್ಲದೆ ನೀಲಿಗಟ್ಟಿದ ಕಲೆಗಳು, ಕೆಂಪು ಚುಕ್ಕಿಗಳು ಬಂದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿದಿರಬಹುದು. ಕಾಲು ಮತ್ತು ಕುಂಡೆಯ ಮೇಲೆ ಉಬ್ಬಿದ ನೇರಳೆ ಕಲೆ, ಕೀಲುನೋವು, ಹೊಟ್ಟೆನೋವು ಒಟ್ಟಿಗೆ ಬಂದರೆ ಅದು ಸಣ್ಣ ರಕ್ತನಾಳಗಳ ಉರಿಯೂತ. ಎರಡಕ್ಕೂ ಮನೆಯಲ್ಲೊಂದು ಪರೀಕ್ಷೆ ಇದೆ: ಗಾಜಿನ ಲೋಟದ ಬದಿಯನ್ನು ಕಲೆಯ ಮೇಲೆ ಒತ್ತಿ. ಮಾಮೂಲಿ ಗಂಧೆ ಒತ್ತಿದಾಗ ಬಿಳಿಚುತ್ತದೆ. ಬಿಳಿಚದೆ ಹಾಗೇ ಕಾಣುತ್ತಿದ್ದರೆ ಚರ್ಮದ ಕೆಳಗೆ ರಕ್ತ ಸೋರಿದೆ. ಅಂಥ ಕಲೆಯ ಜೊತೆ ಜ್ವರವೂ ಇದ್ದರೆ ಒಂದು ನಿಮಿಷವೂ ಯೋಚಿಸಬೇಡಿ.

ಎರಡರಿಂದ ಆರು ವಾರಕ್ಕೆ ಬರುವುದು ಕೋವಿಡ್ ನಂತರದ ಎಂಐಎಸ್-ಸಿ, ಅಂದರೆ ಮಕ್ಕಳ ಮೈಯ ಹಲವು ಅಂಗಗಳಿಗೆ ಒಟ್ಟಿಗೆ ಬರುವ ಉರಿಯೂತ. 2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಡಾಕ್ಟರುಗಳು ಮೊದಲು ಎಚ್ಚರಿಸಿದ ಕಾಯಿಲೆ ಇದು. ಆಗಿನಷ್ಟು ಈಗ ಕಾಣುವುದಿಲ್ಲ, ಆದರೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಬಿಡದ ಜ್ವರ, ಕೆಂಪು ಕಣ್ಣು, ಗಂಧೆ. ಜೊತೆಗೆ ಹೊಟ್ಟೆನೋವು, ವಾಂತಿ, ಭೇದಿ. ಹೊಟ್ಟೆನೋವು ಎಷ್ಟು ಜೋರಿರುತ್ತದೆಂದರೆ ಅಪೆಂಡಿಕ್ಸ್ ಅಂದುಕೊಂಡು ಆಪರೇಷನ್ ತನಕ ಹೋದದ್ದೂ ಇದೆ. ಹೃದಯ ಸೋತು ಬಿಪಿ ಇಳಿಯಬಹುದು. ಕೋವಿಡ್ ಬಂದದ್ದೇ ಎಷ್ಟೋ ಮಕ್ಕಳಿಗೆ ಗೊತ್ತಾಗಿರುವುದಿಲ್ಲ. ಹಾಗಾಗಿ ಒಂದು ತಿಂಗಳ ಹಿಂದೆ ಮನೆಯಲ್ಲಿ ಯಾರಿಗೆ ಶೀತವಾಗಿತ್ತು ಅನ್ನುವುದೂ ಕ್ಯಾಲೆಂಡರಿನಲ್ಲಿರಲಿ.

ಐದು ದಿನ ಬಿಡದ ಜ್ವರ: ಕವಾಸಾಕಿ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 1961ರಲ್ಲಿ ಟೋಕಿಯೊದ ಮಕ್ಕಳ ಡಾಕ್ಟರ್ ತೊಮಿಸಾಕು ಕವಾಸಾಕಿ ನಾಲ್ಕು ವರ್ಷದ ಹುಡುಗನೊಬ್ಬನಲ್ಲಿ ಯಾವ ಪುಸ್ತಕಕ್ಕೂ ಹೊಂದದ ಜ್ವರ ನೋಡಿದರು. ಅಂಥ 50 ಮಕ್ಕಳ ವಿವರ ಸೇರಿಸಿ 1967ರಲ್ಲಿ ಪ್ರಕಟಿಸಿದರು. ಕಾರಣ ಇಂದಿಗೂ ಖಚಿತವಾಗಿಲ್ಲ. ಯಾವುದೋ ಸೋಂಕು ಕಿಡಿ ಹಚ್ಚುತ್ತದೆ, ಕೆಲವು ಮಕ್ಕಳ ಮೈ ಹೊತ್ತಿಕೊಳ್ಳುತ್ತದೆ ಅನ್ನುವುದು ಈಗಿನ ತಿಳಿವಳಿಕೆ. ಹೆಚ್ಚಾಗಿ ಐದು ವರ್ಷದೊಳಗಿನವರಿಗೆ ಬರುತ್ತದೆ.

ಐದು ದಿನ ಅಥವಾ ಅದಕ್ಕಿಂತ ಹೆಚ್ಚು ಜ್ವರ. ಜೊತೆಗೆ ಈ ಐದರಲ್ಲಿ ನಾಲ್ಕು: ಪಿಸಿರು ಇಲ್ಲದೆ ಎರಡೂ ಕಣ್ಣು ಕೆಂಪು, ಬಿರಿದ ಕೆಂಪು ತುಟಿ ಅಥವಾ ಸ್ಟ್ರಾಬೆರಿಯಂಥ ನಾಲಿಗೆ, ಮೈಮೇಲೆ ಗಂಧೆ, ಅಂಗೈ ಅಂಗಾಲು ಕೆಂಪಾಗಿ ಊದುವುದು, ಕತ್ತಿನಲ್ಲಿ ಒಂದೂವರೆ ಸೆಂಟಿಮೀಟರಿಗಿಂತ ದೊಡ್ಡ ಗಡ್ಡೆ. ಕೂಸುಗಳಲ್ಲಿ ಕ್ಷಯದ ಬಿಸಿಜಿ ಲಸಿಕೆ ಚುಚ್ಚಿದ ಕಲೆ ಮತ್ತೆ ಕೆಂಪಾಗುವುದುಂಟು. ಆರು ತಿಂಗಳೊಳಗಿನ ಕೂಸಿಗೆ ಈ ಗುರುತುಗಳು ಪೂರ್ತಿ ಬರದೇ ಇರಬಹುದು, ಬರೀ ಜ್ವರ ಮತ್ತು ಅಳು. ಬೆರಳ ತುದಿಯ ಚರ್ಮ ಸುಲಿಯುವುದು ಎರಡನೇ ಮೂರನೇ ವಾರದಲ್ಲಿ. ಅದಕ್ಕಾಗಿ ಕಾದರೆ ಹೊತ್ತು ಮೀರುತ್ತದೆ.

ಸಮಸ್ಯೆ ಏನೆಂದರೆ ಈ ಗುರುತುಗಳು ಒಂದೇ ದಿನ ಸಾಲಾಗಿ ಬರುವುದಿಲ್ಲ. ನಮ್ಮ ನೆಂಟರ ಮನೆಯ ಮೂರು ವರ್ಷದ ಹುಡುಗಿಗೆ ಎರಡನೇ ದಿನ ಕಣ್ಣು ಕೆಂಪಾದದ್ದನ್ನು ನೋಡಿದ್ದು ಅಜ್ಜಿ. ನಾಲ್ಕನೇ ದಿನ ಮೈಮೇಲಿನ ಗಂಧೆ ನೋಡಿದ್ದು ಒಬ್ಬ ಡಾಕ್ಟರು, ಔಷಧಿ ಅಲರ್ಜಿ ಅಂದರು. ಆರನೇ ದಿನ ಇನ್ನೊಬ್ಬರ ಹತ್ತಿರ ಹೋದಾಗ ಕಣ್ಣೂ ಸರಿಯಿತ್ತು, ಗಂಧೆಯೂ ಇರಲಿಲ್ಲ, ಊದಿದ ಪಾದ ಮಾತ್ರ ಇತ್ತು. ಅವಳ ಚಿಕ್ಕಮ್ಮ ತಮಾಷೆಗೆ ತೆಗೆದ ಫೋಟೋಗಳು ಮೊಬೈಲಿನಲ್ಲಿದ್ದವು. ಅವನ್ನು ತಾರೀಕಿನ ಪ್ರಕಾರ ತೋರಿಸಿದಾಗ ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. ಏಳನೇ ದಿನ ಚಿಕಿತ್ಸೆ ಶುರುವಾಯಿತು. ಹಾಗಾಗಿ ದಿನಾ ಹಗಲು ಬೆಳಕಿನಲ್ಲಿ, ಕಿಟಕಿಯ ಹತ್ತಿರ, ಕಣ್ಣು, ನಾಲಿಗೆ, ಎದೆ, ಅಂಗೈ, ಪಾದ ಇಷ್ಟರ ಫೋಟೋ ತೆಗೆಯಿರಿ. ಮಳೆಗಾಲದಲ್ಲಿ ನಮ್ಮ ಮಕ್ಕಳು ಸ್ವೆಟರ್, ಟೋಪಿ, ಕಾಲುಚೀಲದೊಳಗೇ ಇರುತ್ತಾರೆ. ಕರೆಂಟು ಹೋದರೆ ಮೂರು ದಿನ ಬರುವುದಿಲ್ಲ. ಬಿಚ್ಚಿ ನೋಡದಿದ್ದರೆ ಏನೂ ಕಾಣುವುದಿಲ್ಲ. ಗಂಧೆಗೆ ಸೊಪ್ಪು ಅರೆದು ಹಚ್ಚಬೇಡಿ, ಬಣ್ಣ ಮುಚ್ಚಿಹೋಗುತ್ತದೆ.

ಚಿಕಿತ್ಸೆ ಇಲ್ಲದಿದ್ದರೆ ನಾಲ್ಕರಲ್ಲಿ ಒಂದು ಮಗುವಿಗೆ ಹೃದಯಕ್ಕೆ ರಕ್ತ ಕೊಡುವ ನಾಳ ಉಬ್ಬುತ್ತದೆ. ಹತ್ತು ದಿನದೊಳಗೆ ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ರಕ್ಷಣಾ ಪ್ರೋಟೀನು, ಡ್ರಿಪ್ಪಿನಲ್ಲಿ ಏರಿಸುತ್ತಾರೆ) ಕೊಟ್ಟರೆ ಆ ಅಪಾಯ ಶೇ. 5ರ ಆಸುಪಾಸಿಗೆ ಇಳಿಯುತ್ತದೆ. ಹತ್ತು ದಿನ ಎಂದು ಶುರು ಅನ್ನುವುದು ಗೊತ್ತಿರಬೇಕಲ್ಲ?

ಮೋಸ ಮಾಡುವ ಎರಡು ಸಂಗತಿಗಳು

ಒಂದು, ಕಕ್ಕಡ ಹದಿನೆಂಟು, ಅಂದರೆ ನಮ್ಮ ಕಕ್ಕಡ ತಿಂಗಳ ಹದಿನೆಂಟನೇ ದಿನ. ಆಗಸ್ಟ್ ಮೊದಲ ವಾರ ಮದ್ದುಸೊಪ್ಪಿನ ಪಾಯಸ ತಿಂದ ಮೇಲೆ ಎಲ್ಲರ ಮೂತ್ರವೂ ಕೆಂಪಾಗುತ್ತದೆ. ಮನೆಮಂದಿಗೆಲ್ಲ ಆಗಿದ್ದರೆ, ಒಂದೆರಡು ದಿನದಲ್ಲಿ ಹೋದರೆ ಅದು ಸೊಪ್ಪಿನದು. ಪಾಯಸ ತಿನ್ನದ ಮಗುವಿಗೆ ಬಂದರೆ, ಅಥವಾ ಮುಖ ಊದಿ ಮೂತ್ರ ಕಡಿಮೆಯಾಗಿದ್ದರೆ ಅದು ಕಿಡ್ನಿಯದು. ಜ್ವರದಲ್ಲಿರುವ ಮಗುವಿಗೆ ಆ ವರ್ಷ ಪಾಯಸ ಬೇಡ ಅಂತ ನನ್ನ ಅಭಿಪ್ರಾಯ. ಅಜ್ಜಿಯರು ಬೇಸರ ಮಾಡಿಕೊಳ್ಳಲಿ.

ಎರಡು, ಸ್ಕ್ರಬ್ ಟೈಫಸ್. ಪೊದೆ, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯ ಮರಿ ಕಚ್ಚಿ ಬರುವ ಜ್ವರ ಇದು. ವೈರಸ್ ಅಲ್ಲ. ಆದರೆ ಜ್ವರ, ಗಂಧೆ, ಊತ, ಬಿಪಿ ಇಳಿಯುವುದು ಎಲ್ಲ ಎಂಐಎಸ್-ಸಿ ತರಹವೇ ಕಾಣುತ್ತದೆ. ಚಿಕಿತ್ಸೆ ಬೇರೆ, ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೊಮೈಸಿನ್‌ಗೆ ಬೇಗ ಬಗ್ಗುತ್ತದೆ. ಕಂಕುಳು, ತೊಡೆಸಂದು, ಕಿವಿಯ ಹಿಂದೆ, ಕುಂಡೆ ಎಲ್ಲ ನೋಡಿ. ಬೀಡಿಯಲ್ಲಿ ಸುಟ್ಟ ಹಾಗಿನ ಕಪ್ಪು ಹಕ್ಕಳೆ ಇದ್ದರೆ ಡಾಕ್ಟರಿಗೆ ತೋರಿಸಿ. ನೋವಿರುವುದಿಲ್ಲ, ಮಗು ಹೇಳುವುದಿಲ್ಲ. ಜಿಗಣೆ ಕಚ್ಚಿದ್ದು ಅಂತ ಬಿಡಬೇಡಿ.

ಹೊರಡುವ ಹೊತ್ತು

ಮೈಸೂರಿನಲ್ಲಿದ್ದವರು ರಾತ್ರಿ ಹತ್ತಕ್ಕೆ ಯೋಚಿಸಿ ಹತ್ತೂವರೆಗೆ ಆಸ್ಪತ್ರೆಯಲ್ಲಿರಬಹುದು. ನಾವು ಮಧ್ಯಾಹ್ನ ಮೂರಕ್ಕೇ ನಿರ್ಧಾರ ಮಾಡಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಂಗಳೂರಿಗೆ ಅದಕ್ಕಿಂತ ಹೆಚ್ಚು, ಅದೂ ಸಂಪಾಜೆ ಘಾಟಿ ಇಳಿದು. 2018ರ ಆಗಸ್ಟ್‌ನಲ್ಲಿ ಆ ರಸ್ತೆ ಕುಸಿದು ಏನಾಯಿತೆಂದು ನಮಗೆ ಯಾರೂ ಹೇಳಬೇಕಾಗಿಲ್ಲ. ವಿರಾಜಪೇಟೆ, ಗೋಣಿಕೊಪ್ಪ ಕಡೆಯಿಂದ ಹುಣಸೂರಿಗೆ ಹೋಗುವ ದಾರಿಯಲ್ಲಿ ಕತ್ತಲಾದರೆ ಆನೆ. ಇಂದು ಸಂಜೆಯೊಳಗೆ ಜ್ವರ ಬಿಡದಿದ್ದರೆ ನೋಡೋಣ ಅನ್ನುವ ಮಾತು ಐದನೇ ದಿನ ಬೇಡ.

ತಕ್ಷಣ ಹೊರಡಬೇಕಾದ ಲಕ್ಷಣಗಳು ಇವು. ಎಬ್ಬಿಸಿದರೂ ಏಳದ ಮಂಪರು, ಬಡಬಡಿಕೆ, ಫಿಟ್ಸ್. ಏದುಸಿರು: ಎರಡರಿಂದ ಹನ್ನೊಂದು ತಿಂಗಳ ಕೂಸಿಗೆ ನಿಮಿಷಕ್ಕೆ 50, ಒಂದರಿಂದ ಐದು ವರ್ಷದವರಿಗೆ 40 ಅಥವಾ ಹೆಚ್ಚು ಉಸಿರು. ಎದೆನೋವು, ಮಲಗಿದ್ದರೂ ಎದೆ ಜೋರಾಗಿ ಹೊಡೆದುಕೊಳ್ಳುವುದು, ಹಾಲು ಕುಡಿಯುವಾಗ ಕೂಸು ಬೆವರುವುದು. ಎಂಟು ಗಂಟೆಯಾದರೂ ಮೂತ್ರ ಇಲ್ಲ. ಒತ್ತಿದರೆ ಬಿಳಿಚದ ಕಲೆ. ಕೈಕಾಲು ತಣ್ಣಗಿವೆಯೇ ನೋಡಿ ಅಂತ ಪುಸ್ತಕದಲ್ಲಿರುತ್ತದೆ. ನಮ್ಮಲ್ಲಿ ಜುಲೈನಲ್ಲಿ ಯಾರ ಕೈಕಾಲು ಬೆಚ್ಚಗಿರುತ್ತದೆ? ಎದೆಯ ಮಧ್ಯದ ಮೂಳೆಯ ಮೇಲೆ ಬೆರಳಿನಿಂದ ಐದು ಸೆಕೆಂಡ್ ಒತ್ತಿ ಬಿಡಿ. ಮೂರು ಸೆಕೆಂಡಿನಲ್ಲಿ ಬಣ್ಣ ವಾಪಸ್ ಬರದಿದ್ದರೆ ರಕ್ತದ ಓಟ ಕುಗ್ಗಿದೆ.

108ಕ್ಕೆ ಕರೆ ಮಾಡಿ, ಆದರೆ ಜೊತೆಗೇ ಪಕ್ಕದ ಮನೆಯ ಜೀಪನ್ನೂ ಹೇಳಿಡಿ. ಲೈನ್ ಮನೆಯಲ್ಲಿರುವ ತೋಟದ ಕೂಲಿಯವರ ಬಳಿ ಗಾಡಿ ಇರುವುದಿಲ್ಲ, ಒಂದು ದಿನದ ಕೂಲಿ ಹೋಗುತ್ತದೆಂದು ಕಾಯುತ್ತಾರೆ. ತೋಟದ ಮಾಲೀಕರು ಓದುತ್ತಿದ್ದರೆ: ಲೆಕ್ಕ ನೋಡುವ ರೈಟರ ಹತ್ತಿರ ಒಂದು ಥರ್ಮಾಮೀಟರ್ ಇಡಿ, ಐದನೇ ದಿನದ ಜ್ವರಕ್ಕೆ ಗಾಡಿ ಕಳಿಸುವಂತೆ ಹೇಳಿಡಿ. ದೊಡ್ಡ ಖರ್ಚೇನಲ್ಲ.

ಮಗು ಗಟ್ಟಿಯಿದ್ದರೆ ಮೊದಲು ತಾಲ್ಲೂಕು ಆಸ್ಪತ್ರೆಯ ಮಕ್ಕಳ ಡಾಕ್ಟರು ಅಥವಾ ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆ. ಅವರು ಮುಂದೆ ಕಳಿಸಿದರೆ, ಮೈಸೂರಿನಲ್ಲಿ ಮಕ್ಕಳಿಗೆ ಇರುವ ಸರ್ಕಾರಿ ಆಸ್ಪತ್ರೆ ಚೆಲುವಾಂಬ. ಹೊರಡುವ ಮುಂಚೆ ಫೋನ್ ಮಾಡಿ ಎರಡು ಕೇಳಿ: ಮಕ್ಕಳ ಐಸಿಯುನಲ್ಲಿ ಬೆಡ್ ಇದೆಯಾ, ಮಕ್ಕಳ ಹೃದಯದ ಎಕೋ ಸ್ಕ್ಯಾನ್ ಮಾಡುತ್ತಾರಾ. ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್, ಆಧಾರ್ ಚೀಲದಲ್ಲಿರಲಿ. ಐವಿಐಜಿ ತೂಕದ ಲೆಕ್ಕದಲ್ಲಿ, ಕೆಜಿಗೆ 2 ಗ್ರಾಂ. 12 ಕೆಜಿ ಮಗುವಿಗೆ 24 ಗ್ರಾಂ. ತುಂಬ ದುಬಾರಿ. ದುಡ್ಡು ಕಟ್ಟುವ ಮುಂಚೆಯೇ, ಆಯುಷ್ಮಾನ್ ಯೋಜನೆಯ ಸಹಾಯಕ್ಕೆ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಹುಡುಕಿ ಕೇಳಿ.

ಡಾಕ್ಟರ ಮುಂದೆ ಕತೆ ಹೇಳಬೇಡಿ, ಕ್ಯಾಲೆಂಡರ್ ಹೇಳಿ. “ಇಂಥ ದಿನ ಮೊದಲ ಜ್ವರ, ಇಂಥ ದಿನ ಬಿಟ್ಟಿತು, ಇಷ್ಟು ದಿನ ಚೆನ್ನಾಗಿದ್ದ, ಇಂಥ ದಿನ ಮತ್ತೆ ಶುರು.” ಫೋಟೋ ತೋರಿಸಿ. “ಜ್ವರದ ನಂತರದ ಉರಿಯೂತ ಇರಬಹುದಾ?” ಅಂತ ಕೇಳಿ. ನಾನು ಹೀಗೆ ಕೇಳಿದಾಗ ಒಬ್ಬರು ಗೂಗಲ್ ಡಾಕ್ಟರಾ ಅಂದರು. ಅನ್ನಲಿ ಬಿಡಿ.

ರಕ್ತ ಪರೀಕ್ಷೆಯಲ್ಲಿ ಸಿಆರ್‌ಪಿ, ಇಎಸ್‌ಆರ್ ಉರಿಯೂತ ಎಷ್ಟಿದೆ ಅಂತ ಹೇಳುತ್ತವೆ, ಯಾಕೆ ಅಂತ ಹೇಳುವುದಿಲ್ಲ. ಪ್ಲೇಟ್‌ಲೆಟ್ ಡೆಂಗಿಯಲ್ಲಿ ಇಳಿಯುತ್ತದೆ, ಕವಾಸಾಕಿಯಲ್ಲಿ ಎರಡನೇ ವಾರ ಏರುತ್ತದೆ. ಎಕೋ ಅಂದರೆ ಎದೆಯ ಮೇಲೆ ಜೆಲ್ ಹಚ್ಚಿ ನೋಡುವ ಸ್ಕ್ಯಾನ್, ನೋವಿಲ್ಲ. ಮೊದಲ ಎಕೋ ಚೆನ್ನಾಗಿದ್ದರೂ ಒಂದೆರಡು ವಾರಕ್ಕೆ ಮತ್ತು ನಾಲ್ಕರಿಂದ ಆರು ವಾರಕ್ಕೆ ಮತ್ತೆ ಮಾಡಿಸಬೇಕು. ನಾಳ ಉಬ್ಬುವುದು ತಡವಾಗಿ ಕಾಣುತ್ತದೆ. ಮಗು ಆಡಿಕೊಂಡಿದೆ, ಮಳೆ ಬೇರೆ, ಮುಂದಿನ ತಿಂಗಳು ಹೋದರಾಯಿತು ಅಂತ ತಪ್ಪಿಸುವವರೇ ಜಾಸ್ತಿ.

ಮನೆಗೆ ಬಂದ ಮೇಲೆ

ಕವಾಸಾಕಿ, ಎಂಐಎಸ್-ಸಿ ಮಕ್ಕಳಿಗೆ ಸಣ್ಣ ಡೋಸಿನ ಆಸ್ಪಿರಿನ್ ಕೊಟ್ಟು ಕಳಿಸುತ್ತಾರೆ. ಕೊಡಬೇಡಿ ಅಂತ ಮೇಲೆ ಬರೆದವಳು ನಾನೇ. ಇಲ್ಲಿ ಡಾಕ್ಟರು ಬರೆದಷ್ಟು ದಿನ ಕೊಡಲೇಬೇಕು, ರಕ್ತ ಹೆಪ್ಪುಗಟ್ಟದಿರಲು. ಈ ನಡುವೆ ಮಗುವಿಗೆ ಫ್ಲೂ ಅಥವಾ ಸೀತಾಳೆ ಸಿಡುಬು ಬಂದರೆ, ಪಕ್ಕದ ಮನೆಯಲ್ಲಿ ಬಂದಿದ್ದರೂ, ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಜೊತೆಗೆ ಐಬುಪ್ರೊಫೆನ್ ಬೇಡ. ಸ್ಟಿರಾಯ್ಡ್ ಕೊಟ್ಟಿದ್ದರೆ ಹೇಳಿದ ಹಾಗೇ ಮೆಲ್ಲಗೆ ಇಳಿಸಬೇಕು, ಒಂದೇ ಸಲ ನಿಲ್ಲಿಸಬಾರದು.

ಕಾಲಿನಲ್ಲಿ ನೇರಳೆ ಕಲೆ ಬಂದಿದ್ದ ಮಕ್ಕಳಿಗೆ ಕಲೆ ಹೋದ ಮೇಲೂ ಆರು ತಿಂಗಳು ಆಗಾಗ ಮೂತ್ರ ಪರೀಕ್ಷೆ, ಬಿಪಿ. ಕಿಡ್ನಿ ತೊಂದರೆ ಸದ್ದಿಲ್ಲದೆ ಬರುತ್ತದೆ.

ಹೃದಯಕ್ಕೆ ಪೆಟ್ಟು ಬಿದ್ದಿದ್ದರೆ ಮೂರರಿಂದ ಆರು ತಿಂಗಳು ಓಟ, ಪಂದ್ಯ ಇಲ್ಲ. ನಮ್ಮೂರಲ್ಲಿ ಇದು ಕಷ್ಟದ ಮಾತು. ಏಪ್ರಿಲ್ ಬಂದರೆ ಹಾಕಿ ಕ್ಯಾಂಪು, ಮನೆಯವರ ಟೀಮು. ಸ್ಟಿಕ್ ಅಟ್ಟದ ಮೇಲಿಡಿ, ಮೈದಾನಕ್ಕೆ ನೋಡಲು ಮಾತ್ರ ಕರೆದುಕೊಂಡು ಹೋಗಿ. ಹೃದಯದ ಡಾಕ್ಟರು ಮತ್ತೆ ಪರೀಕ್ಷೆ ಮಾಡಿ ಸರಿ ಅಂದ ಮೇಲೆ ಇಳಿಸಿ. ಪ್ಲೇಟ್‌ಲೆಟ್ ಇಳಿದ ಮಕ್ಕಳಿಗೂ ಅದು ಏರುವ ತನಕ ಹಾಕಿ, ಸೈಕಲ್, ಮರ ಹತ್ತುವುದು ಬೇಡ.

ಕೊನೆಗೆ ಲಸಿಕೆ. ಐವಿಐಜಿ ತೆಗೆದುಕೊಂಡ ಮಗುವಿಗೆ ದಡಾರ–ರುಬೆಲ್ಲಾ ಮತ್ತು ಸೀತಾಳೆ ಸಿಡುಬಿನ ಲಸಿಕೆ 11 ತಿಂಗಳು ಮುಂದಕ್ಕೆ ಹೋಗುತ್ತದೆ, ಅದಕ್ಕಿಂತ ಮುಂಚೆ ಚುಚ್ಚಿದರೆ ಸರಿಯಾಗಿ ಹಿಡಿಯುವುದಿಲ್ಲ. ಉಳಿದ ಲಸಿಕೆಗಳ ಬಗ್ಗೆ ಮಕ್ಕಳ ಡಾಕ್ಟರನ್ನು ಕೇಳಿ. ಇದನ್ನು ಆಶಾ ಕಾರ್ಯಕರ್ತೆಗೆ ಬಾಯಲ್ಲಿ ಹೇಳಿದರೆ ಸಾಲದು, ಡಿಸ್ಚಾರ್ಜ್ ಚೀಟಿ ತೋರಿಸಿ ತಾಯಿ ಕಾರ್ಡಿನಲ್ಲಿ ತಾರೀಕು ಬರೆಸಿ. ಕ್ಯಾಲೆಂಡರಿನಲ್ಲಿ ಬರೆಯಲು ಹೋದರೆ ಆ ತಿಂಗಳು ಮುಂದಿನ ವರ್ಷದ್ದಾಗಿರುತ್ತದೆ, ಹೊಸ ಕ್ಯಾಲೆಂಡರ್ ಬಂದ ದಿನ ಮೊದಲು ಅದನ್ನೇ ಗುರುತು ಹಾಕಿ.